ಉದುರದ ಎಲೆ: ಕ್ಯಾನ್ಸರ್ ಬರಹಗಳ ಕನ್ನಡದ ಬಗ್ಗೆ

ಕಳೆದ ದೀಪಾವಳಿಗೆ ಧುಪದಾಳಕ್ಕೆ ಹೋದಾಗ ಚಿಗವ್ವ ನನಗಾಗಿ ಒಂದು ಪತ್ರಿಕೆಯ ತುಣುಕನ್ನು ಕತ್ತರಿಸಿ ಡಬ್ಬಿಯಲ್ಲಿ ಇಟ್ಟಿದ್ದಳು. ಕ್ಯಾನ್ಸರಿನಲ್ಲಿ ಪ್ರೋಟೀನುಗಳ ಪಾತ್ರ ಏನು ಎಂಬ ಲೇಖನ. ಅವಳಿಗೆ ದುಗ್ಧಗ್ರಂಥಿಯ ಕ್ಯಾನ್ಸರ್ ಇದೆ, ಫಾಲಿಕ್ಯುಲರ್ ಲಿಂಫೋಮಾ ಎಂಬ ನಿಧಾನ ಬೆಳೆಯುವ ಜಾತಿಯದು. ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. ಕೆಟ್ಟ ಜೀವಕೋಶಗಳು ಆತ್ಮಹತ್ಯೆ ಮಾಡಿಕೊಳ್ಳದಿರುವುದೇ ಈ ಹೆಮ್ಮಾರಿಗೆ ಕಾರಣ ಎಂಬರ್ಥದ ಸಾಲು.

“ಯಾಕ ತಂಗಿ, ನನ್ನ ಮೈಯಾಗಿನವು ಆತ್ಮಹತ್ಯೆ ಮಾಡ್ಕೋಬೇಕಿತ್ತಂತ?” ಎಂದಳು. “ನಾನರ ಎಂದೂ ಅಂಥಾ ವಿಚಾರ ಮಾಡಿದಾಕಿ ಅಲ್ಲ.”

ನಾನು ಕನ್ನಡದ ವಿಜ್ಞಾನ ಬರಹಗಳ ಭಾಷೆಯ ಮೇಲೆ ಪಿಎಚ್‌.ಡಿ. ಮಾಡುತ್ತಿರುವವಳು. ನಾಲ್ಕು ವರ್ಷಗಳಿಂದ ಇಂಥ ಲೇಖನಗಳನ್ನೇ ಓದುತ್ತಿದ್ದೇನೆ. ಆ ಸಾಲು ನನ್ನ ಕೈಗೆ ಸಿಕ್ಕಿದ್ದರೆ ಪದಪಟ್ಟಿಯಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗುತ್ತಿದ್ದೆ. ಚಿಗವ್ವನ ಪ್ರಶ್ನೆ ನನ್ನನ್ನು ನಿಲ್ಲಿಸಿತು.

ನಮ್ಮ ಕ್ಯಾನ್ಸರ್ ಬರಹಗಳನ್ನು ಮೂರು ಪದಗಳು ಆಳುತ್ತಿವೆ: ಹೆಮ್ಮಾರಿ, ಸಮರ, ಆತ್ಮಹತ್ಯೆ. ಮೊದಲನೆಯದು ನಮ್ಮದೇ ಪದ, ಅದಕ್ಕೇ ಹೆಚ್ಚು ಅಪಾಯದ್ದು. ಪೇಟೆಯ ಓದುಗನಿಗೆ ಹೆಮ್ಮಾರಿ ಎಂದರೆ ‘ಭಯಂಕರ’ ಅಷ್ಟೆ. ಊರಲ್ಲಿ ಅದು ಹಾಗಲ್ಲ. ಮಾರಿ ಸುಮ್ಮನೆ ಬರುವುದಿಲ್ಲ. ನಡೆಸದ ಹರಕೆಗೋ ತಪ್ಪಿದ ನೇಮಕ್ಕೋ ಸಿಟ್ಟಾಗಿ ಬರುತ್ತಾಳೆ. ರೋಗವನ್ನು ಹೆಮ್ಮಾರಿ ಎಂದ ಕೂಡಲೇ ರೋಗಿಯ ಮನೆಯಲ್ಲಿ ತಪ್ಪು ಯಾರದು ಎಂಬ ಹುಡುಕಾಟ ಶುರುವಾಗುತ್ತದೆ. ಸೂಸನ್ ಸಾಂಟ್ಯಾಗ್ 1978ರಲ್ಲಿ ರೋಗ ಮತ್ತು ರೂಪಕಗಳ ಬಗ್ಗೆ ಪುಸ್ತಕ ಬರೆದಾಗ ಎತ್ತಿದ ತಕರಾರುಗಳಲ್ಲಿ ಇದೂ ಒಂದು: ರೂಪಕ ರೋಗಿಯ ತಲೆಯ ಮೇಲೆ ಅಪರಾಧವನ್ನು ಹೊರಿಸುತ್ತದೆ.

ಮೂರನೆಯ ಪದವನ್ನು ನೋಡಲು ವಿಜ್ಞಾನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೈಯ ಜೀವಕೋಶಗಳು ದಿನವೂ ಹುಟ್ಟುತ್ತವೆ, ದಿನವೂ ಸಾಯುತ್ತವೆ. ಗರ್ಭದಲ್ಲಿ ಕೈ ಮೊದಲು ಹುಟ್ಟಿನ ಎಲೆಯಂತೆ ಮೂಡುತ್ತದೆ. ಬೆರಳುಗಳ ನಡುವಿನ ಕೋಶಗಳು ಸತ್ತ ಮೇಲೆಯೇ ಬೆರಳು ಬಿಡಿಯಾಗುತ್ತವೆ. ಸಾವು ಇಲ್ಲಿ ಕಟ್ಟುವ ಕೆಲಸದ ಭಾಗ. ಈ ಸಾವನ್ನು ನಡೆಸುವವು, ತಡೆಯುವವು ಎರಡೂ ಪ್ರೋಟೀನುಗಳೇ. ಕೋಶದ ಡಿಎನ್‌ಎಗೆ ಏಟು ಬಿದ್ದಾಗ ಪಿ53 ಎಂಬ ಪ್ರೋಟೀನು ಕೋಶದ ವಿಭಜನೆಯನ್ನು ನಿಲ್ಲಿಸುತ್ತದೆ, ರಿಪೇರಿ ಸಾಧ್ಯವಿಲ್ಲದಿದ್ದರೆ ಸಾವಿನ ದಾರಿ ತೆರೆಯುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಇದರ ಜೀನ್ ಕೆಟ್ಟಿರುತ್ತದೆ. ಬ್ಯಾಕ್ಸ್ ಎಂಬ ಇನ್ನೊಂದು ಪ್ರೋಟೀನು ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ತೂತು ಮಾಡುತ್ತದೆ. ಅಲ್ಲಿಂದ ಸೋರಿದ ಸೈಟೊಕ್ರೋಮ್ ಸಿ, ಕ್ಯಾಸ್ಪೇಸ್ ಎಂಬ ಕತ್ತರಿಗಳನ್ನು ಎಬ್ಬಿಸುತ್ತದೆ. ಬ್ಯಾಕ್ಸ್‌ನ ಕೈ ಹಿಡಿದು ನಿಲ್ಲಿಸುವುದು ಬಿಸಿಎಲ್-2.

ಚಿಗವ್ವನ ಕತೆ ಇರುವುದು ಈ ಬಿಸಿಎಲ್-2ರಲ್ಲಿ. 1980ರ ದಶಕದ ನಡುವಿನಲ್ಲಿ ಸುಜಿಮೊಟೊ ಮತ್ತು ಕ್ರೋಚೆ ಇದರ ಜೀನನ್ನು ಗುರುತಿಸಿದ್ದು ಅವಳಿಗಿರುವ ಜಾತಿಯ ಲಿಂಫೋಮಾದಲ್ಲೇ. 14 ಮತ್ತು 18ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಾಗ ಈ ಜೀನ್ ತನ್ನದಲ್ಲದ ಜಾಗಕ್ಕೆ ಬಂದು ಬೀಳುತ್ತದೆ, ಪ್ರೋಟೀನು ಅತಿಯಾಗಿ ತಯಾರಾಗುತ್ತದೆ. ಇದು ಕೋಶವನ್ನು ಬೇಗ ಬೇಗ ಹೆಚ್ಚಿಸುವುದಿಲ್ಲ, ಸಾಯಬೇಕಾದದ್ದನ್ನು ಉಳಿಸುತ್ತದೆ ಎಂದು 1988ರಲ್ಲಿ ಮೆಲ್ಬರ್ನಿನ ಡೇವಿಡ್ ವಾಕ್ಸ್ ಮತ್ತು ಸಂಗಡಿಗರು ತೋರಿಸಿದರು. ಕ್ಯಾನ್ಸರ್ ಎಂದರೆ ಬರೀ ಮಿತಿಮೀರಿದ ಬೆಳವಣಿಗೆ ಎಂಬ ತಿಳಿವಳಿಕೆ ಅಲ್ಲಿಗೆ ಬದಲಾಯಿತು.

ಈ ಸಾವಿಗೆ 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಅಪೊಪ್ಟೋಸಿಸ್ ಎಂದು ಹೆಸರಿಟ್ಟಿದ್ದರು. ಅದು ಗ್ರೀಕ್ ಪದ. ಅರ್ಥ, ಗಿಡದಿಂದ ಎಲೆ ಉದುರುವುದು. ಆತ್ಮಹತ್ಯೆಯ ರೂಪಕ ಆಮೇಲೆ ಇಂಗ್ಲಿಷಿನ ಜನಪ್ರಿಯ ಬರಹಗಳಿಂದ ನಮಗೆ ಬಂತು. ಎಲೆ ಉದುರಿಸಲು ಬೇಕಾದ ಎಲ್ಲ ಪದಗಳೂ ಇರುವ ಭಾಷೆ, ಅವನ್ನು ಬಿಟ್ಟು ಆತ್ಮಹತ್ಯೆಯನ್ನು ತೆಗೆದುಕೊಂಡಿತು. ಪಠ್ಯಪುಸ್ತಕದ ಕನ್ನಡ ಬೇಕೆಂದರೆ ‘ಪೂರ್ವನಿಯೋಜಿತ ಸಾವು’. ಪೊಲೀಸರ ಹೇಳಿಕೆಯಲ್ಲಿ ‘ಪೂರ್ವನಿಯೋಜಿತ ಕೃತ್ಯ’ ಎಂದು ದಿನವೂ ಓದುವವರಿಗೆ ಇದು ಏನೆಂದು ಕೇಳಿಸೀತು? ಸಾಲಕ್ಕೆ ಸೋತ ರೈತರ ಸುದ್ದಿ ಮನೆಮನೆಗೂ ಗೊತ್ತಿರುವ ಸೀಮೆಯಲ್ಲಿ ಆತ್ಮಹತ್ಯೆ ತಾಂತ್ರಿಕ ಪದವಾಗಿ ಉಳಿಯಲಾರದು.

ವಿಜ್ಞಾನಿಗಳೇ ಬಳಸುವ ರೂಪಕಕ್ಕೆ ಕನ್ನಡದ ಲೇಖಕರನ್ನು ಯಾಕೆ ದೂರಬೇಕು ಎಂದು ಕೇಳಬಹುದು. ಉತ್ತರ ಸರಳ. ಪ್ರಯೋಗಾಲಯದಲ್ಲಿ ರೂಪಕ ಸವೆದು ಹೆಸರಷ್ಟೇ ಆಗಿರುತ್ತದೆ, ಅಲ್ಲಿ ಯಾರೂ ಅದರಿಂದ ನೋಯುವುದಿಲ್ಲ. ಓದುಗನ ಮನೆಯಲ್ಲಿ ಅದು ಮತ್ತೆ ಜೀವ ತಳೆಯುತ್ತದೆ. ಆ ದಾಟುವಿಕೆಯನ್ನು ಕಾಯುವುದೇ ವಿಜ್ಞಾನ ಲೇಖಕನ ಕೆಲಸ.

ಸಮರದ ರೂಪಕ ಮಾಡುವ ಕೇಡು ಇನ್ನೂ ನೇರವಾದದ್ದು. ತೊಂದರೆ ಕೊಡದ ಫಾಲಿಕ್ಯುಲರ್ ಲಿಂಫೋಮಾಕ್ಕೆ ಎಷ್ಟೋ ಸಲ ವೈದ್ಯರು ಕೂಡಲೇ ಔಷಧ ಶುರು ಮಾಡುವುದಿಲ್ಲ, ಆಗಾಗ ಪರೀಕ್ಷಿಸುತ್ತ ಕಾಯುತ್ತಾರೆ. ಅದು ಒಪ್ಪಿತವಾದ ಪದ್ಧತಿ. ಚಿಗವ್ವನಿಗೂ ಹಾಗೆಯೇ ಹೇಳಿದ್ದರು. ಲೇಖನದ ತುಂಬ ಮಾತ್ರ ಯುದ್ಧ, ದಾಳಿ, ಗೆಲುವು. ಯುದ್ಧವೆಂದ ಮೇಲೆ ಸುಮ್ಮನೆ ಕೂರುವುದು ಸೋಲು. “ಡಾಕ್ಟರು ಕೈ ಬಿಟ್ಟಾರ, ನನಗ ಹೇಳವಲ್ಲರು” ಎಂದು ಅವಳು ತೀರ್ಮಾನಿಸಿ, ಮುಂದಿನ ಪರೀಕ್ಷೆಗೆ ಹೋಗುವುದನ್ನೇ ಬಿಡಬೇಕೆಂದಿದ್ದಳು. ಒಂದು ರೂಪಕದ ಪರಿಣಾಮವನ್ನು ನಾನು ಇಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಈ ವಿಷಯ ನಮಗೆ ದೂರದ್ದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಅವರ ತಂಡ ಬಿಸಿಎಲ್-2ರ ಹಿಡಿತ ಸಡಿಲಿಸುವ ಡಿಸಾರಿಬ್ ಎಂಬ ಸಣ್ಣ ಅಣುವಿನ ಮೇಲೆ ಕೆಲಸ ಮಾಡಿದೆ. 2016ರಲ್ಲಿ ಅದರ ಪ್ರಬಂಧ ಪ್ರಕಟವಾಯಿತು. ಅದೇ ವರ್ಷ ಅಮೆರಿಕದಲ್ಲಿ ವೆನೆಟೊಕ್ಲ್ಯಾಕ್ಸ್ ಎಂಬ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಅದರ ಗುರಿಯೂ ಬಿಸಿಎಲ್-2, ಆದರೆ ಎರಡೂ ಆ ಪ್ರೋಟೀನಿನ ಬೇರೆ ಬೇರೆ ಭಾಗವನ್ನು ಹಿಡಿಯುತ್ತವೆ. ಒಂದು ರೋಗಿಗಳಿಗೆ ಸಿಗುವ ಔಷಧ, ಇನ್ನೊಂದು ಕೋಶಗಳ ಮೇಲೂ ಇಲಿಗಳ ಮೇಲೂ ನಡೆದ ಪ್ರಯೋಗ. ಈ ಅಂತರವನ್ನು ಸ್ಪಷ್ಟವಾಗಿ ಹೇಳುವ ಕನ್ನಡ ಬೇಕು. ‘ಹೆಮ್ಮಾರಿಗೆ ರಾಮಬಾಣ’ ಎಂಬ ಶೀರ್ಷಿಕೆಗೆ ಅದು ಒಗ್ಗುವುದಿಲ್ಲ.

ಕನ್ನಡಕ್ಕೆ ಆ ಶಕ್ತಿ ಇಲ್ಲವೇ? ಕಾರಂತರು ವಿಜ್ಞಾನ ಪ್ರಪಂಚದ ಸಂಪುಟಗಳನ್ನು ಬರೆದದ್ದು ಈ ಭಾಷೆಯಲ್ಲೇ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಹೆಣ್ಣುಮಕ್ಕಳನ್ನು ಹೆದರಿಸದೆ ಮೈಯ ವಿಷಯ ಹೇಳುವ ಗದ್ಯ ಬರೆದರು. 1991ರಲ್ಲಿ ಅವರನ್ನು ಕರೆದೊಯ್ದದ್ದೂ ಕ್ಯಾನ್ಸರ್. ದಾರಿ ಇದೆ, ನಾವು ನಡೆಯುತ್ತಿಲ್ಲ.

ರೂಪಕವೇ ಬೇಡ ಎಂದು ನಾನು ಹೇಳುತ್ತಿಲ್ಲ. ಚಿಗವ್ವನಿಗೆ ಮೊದಲು ನಮ್ಮೂರ ಒಡ್ಡಿನ ಹೋಲಿಕೆ ಕೊಟ್ಟೆ. 1897ರಿಂದ ಘಟಪ್ರಭೆಯನ್ನು ತಡೆದು ಎಡದಂಡೆ ಕಾಲುವೆಗೆ ನೀರು ತಿರುಗಿಸುತ್ತಿರುವ ಒಡ್ಡು ಅದು. ಬಿಸಿಎಲ್-2 ಹಾಗೆ ತಡೆದು ನಿಲ್ಲಿಸುತ್ತದೆ ಎಂದೆ. “ಒಡ್ಡು ಇದ್ದಿದ್ದಕ್ಕ ನಾವು ಕಬ್ಬು ಬೆಳದೇವಿ. ಅದು ಕೆಟ್ಟದ್ದು ಹೆಂಗಾತು?” ಎಂದಳು. ನನ್ನ ರೂಪಕ ಅಲ್ಲೇ ಬಿತ್ತು. ಕೇಳುವವರ ಬದುಕಿನಲ್ಲಿ ಆ ವಸ್ತುವಿಗೆ ಏನು ಬೆಲೆಯೆಂದು ನಾನೂ ನೋಡಿರಲಿಲ್ಲ.

ಆಮೇಲೆ ಎಲೆಯ ಮಾತು ಹೇಳಿದೆ. ಹಣ್ಣಾದ ಎಲೆಯನ್ನು ಯಾರೂ ಕೊಲ್ಲುವುದಿಲ್ಲ, ಗಿಡವೇ ತೊಟ್ಟು ಸಡಿಲಿಸುತ್ತದೆ. ನಿನ್ನಲ್ಲಿ ಕೆಲವು ಎಲೆ ಉದುರದೆ ಉಳಿದಿವೆ ಎಂದೆ.

“ಅದಕ್ಕ ಡಾಕ್ಟರು ನೋಡ್ಕೋತ ಇರೂಣು ಅಂದಾರ?”

“ಹೌದು ಚಿಗವ್ವಾ. ಭಾಳ ಕೂಡಿದ್ರ ಆವಾಗ ಔಷಧ ಕೊಡ್ತಾರ.”

ಅವಳು ತುಣುಕನ್ನು ಮತ್ತೆ ಡಬ್ಬಿಯಲ್ಲಿಟ್ಟಳು. “ಹಿಂಗ ಬರದಿದ್ರ ಅವಗೇನು ಖರ್ಚಾಗತಿತ್ತ?” ಎಂದಳು. ಮುಂದಿನ ವಾರ ಪರೀಕ್ಷೆಗೆ ಹೋಗಿ ಬಂದಳು. ಅವಳ ಆ ಪ್ರಶ್ನೆಯನ್ನು ನನ್ನ ಪ್ರಬಂಧದ ಮೂರನೆಯ ಅಧ್ಯಾಯದ ತಲೆಯ ಮೇಲೆ ಬರೆದುಕೊಂಡಿದ್ದೇನೆ.