ಮೊಳದ ಮೇಲಿನ ಕೊಸರು

ಹೂವಾಡಗಿತ್ತಿಯ ಮೊಳಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಮೀಟರು, ಕಿಲೋಗಳಂಥ ಅಧಿಕೃತ ಮಾನ ಬಿಟ್ಟು ಬೇರೆ ಲೆಕ್ಕದಲ್ಲಿ ಬೆಲೆ ಹೇಳುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ತಪ್ಪು. ಆದರೂ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ, ಊರೂರಿನ ದೇವಸ್ಥಾನದ ಮುಂದೆ ಕಟ್ಟಿದ ಮಲ್ಲಿಗೆ ಇವತ್ತಿಗೂ ಬಿಕರಿಯಾಗುವುದು ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಅಳತೆಯಲ್ಲೇ. ಯಾರ ಮೊಣಕೈ? ಮಾರುವವಳದು. ಅಳತೆಗೋಲು ಅವಳ ಮೈಗೇ ಅಂಟಿಕೊಂಡಿದೆ; ಕೊಳ್ಳುವವರು ಅದನ್ನು ನಂಬಬೇಕು, ಇಲ್ಲವೇ ಅದರೊಂದಿಗೆ ಜಗಳಕ್ಕೆ ನಿಲ್ಲಬೇಕು.

ಈ ಬರಹ ಆ ಜಗಳದ ಪರ.

ದಿನಸಿ, ತರಕಾರಿ, ಹೂವು ಎಲ್ಲವನ್ನೂ ಮೊಬೈಲಿನಲ್ಲೇ ಮುಗಿಸುವ ಅಭ್ಯಾಸ ಹೇಗೆ ಬಂತೆಂದು ವಿವರಿಸುವ ಅಗತ್ಯವಿಲ್ಲ. ಬಿಗ್‌ಬಾಸ್ಕೆಟ್ 2011ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಕೋವಿಡ್ ವರ್ಷವಾದ 2020ರಲ್ಲಿ ಸ್ವಿಗ್ಗಿಯ ಇನ್‌ಸ್ಟಾಮಾರ್ಟ್ ಬಂತು. ಮರುವರ್ಷ ಜೆಪ್ಟೊ ‘ಹತ್ತು ನಿಮಿಷ’ ಎಂದಿತು, ಗ್ರೋಫರ್ಸ್ ಹೆಸರನ್ನೇ ಬ್ಲಿಂಕಿಟ್ ಎಂದು ಬದಲಿಸಿಕೊಂಡಿತು. ಇವಕ್ಕೆ ಸಿಕ್ಕಿರುವ ಹೊಗಳಿಕೆಯೆಲ್ಲ ಒಂದೇ ಪದದಲ್ಲಿ ಅಡಗಿದೆ: ಅನುಕೂಲ. ಹಾಸಿಗೆ ಹಿಡಿದ ಹಿರಿಯರಿಗೆ, ಎಳೆಗೂಸಿನ ತಾಯಿಗೆ, ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಅದು ದೊಡ್ಡ ಉಪಕಾರವೇ. ಇಷ್ಟು ಹೇಳಿದರೆ ಆ ಪಕ್ಷದ ಬಾಕಿ ತೀರಿತು. ನಾಲ್ಕು ಹೆಜ್ಜೆ ದೂರದಲ್ಲಿ ಹೂವಿನ ಬುಟ್ಟಿಯಿದ್ದೂ, ಕಾಲು ಗಟ್ಟಿಯಿದ್ದೂ, ಕೈಯಲ್ಲಿ ಹೊತ್ತಿದ್ದೂ ಆಪ್ ತೆರೆಯುವ ಚಾಳಿಯನ್ನು ಕೂಡ ಅದೇ ಪದದಿಂದ ಹೊಗಳುವುದೇಕೆ?

ಮೊಳ ಹಾಕುವುದನ್ನು ನಿಧಾನವಾಗಿ ನೋಡಬೇಕು. ‘ಎಷ್ಟಮ್ಮ ಮೊಳ?’ ಎನ್ನುತ್ತಾಳೆ ಗಿರಾಕಿ. ‘ನಲವತ್ತಕ್ಕ.’ ‘ಅಯ್ಯೋ, ಮೊನ್ನೆ ಮೂವತ್ತಕ್ಕೆ ಕೊಟ್ಟಿದ್ದೆಯಲ್ಲ!’ ‘ಮೊನ್ನೇದು ಮೊನ್ನೆಗಾಯ್ತು. ಮಾರ್ಕೆಟ್ಟಲ್ಲೇ ಏರಿದೆ, ನಂಗೇ ಗಿಟ್ಟಲ್ಲ.’ ಇದು ಬರೀ ಪೀಠಿಕೆ. ಬೆಲೆ ಇನ್ನೂ ಗೊತ್ತಾಗಿಲ್ಲ, ಯಾಕೆಂದರೆ ಮೊಳವೇ ಇನ್ನೂ ಗೊತ್ತಾಗಿಲ್ಲ. ಒದ್ದೆ ಬಟ್ಟೆ ಸರಿಸಿ, ಮಾಲೆಯ ತುದಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಮೊಣಕೈಯತ್ತ ಎಳೆಯುವಾಗ ಅವಳು ಬೆರಳನ್ನು ಪೂರ್ತಿ ಚಾಚಬಹುದು, ತುಸು ಮಡಿಸಿಕೊಳ್ಳಲೂಬಹುದು; ಇವೆರಡರ ನಡುವೆ ಮೂರು ಇಂಚು ಹೋಗಿಬಿಡುತ್ತದೆ. ಮಾಲೆಯನ್ನು ಬಿಗಿಯಾಗಿ ಹಿಡಿಯಬಹುದು, ಸಡಿಲ ಬಿಡಬಹುದು. ದಾರ ಕತ್ತರಿಸುವುದು ಮೊಣಕೈಯ ಗುರುತಿಗೇ ಇರಬಹುದು, ಅದನ್ನು ದಾಟಿ ನಾಲ್ಕು ಹೂವಿನ ಆಚೆಗೂ ಇರಬಹುದು. ಇದಕ್ಕೂ ಮೊದಲು, ಕಟ್ಟುವಾಗಲೇ ಹೂವನ್ನು ಒತ್ತಾಗಿ ಕಟ್ಟಿದ್ದಾಳೋ ನಡುನಡುವೆ ಬಾಳೆನಾರು ಕಾಣುವಂತೆ ಕಟ್ಟಿದ್ದಾಳೋ ಎಂಬುದೊಂದಿದೆ. ಒಂದೇ ಕೈಯ ಎರಡು ಮೊಳ ಒಂದೇ ಸಮ ಇರಬೇಕೆಂದಿಲ್ಲ.

ಪಳಗಿದ ಗಿರಾಕಿಗೆ ಇದೆಲ್ಲ ಗೊತ್ತು. ಅವಳ ಕಣ್ಣು ಹೂವನ್ನು ಬಿಟ್ಟು ಬೆರಳಿನ ಮೇಲಿರುತ್ತದೆ. ‘ಕೈ ಸರಿಯಾಗಿ ಚಾಚಮ್ಮ’ ಎಂಬ ಮಾತಿನಲ್ಲಿ ಆರೋಪವಿದೆ, ಆದರೂ ಯಾರೂ ಮುನಿಸಿಕೊಳ್ಳುವುದಿಲ್ಲ. ‘ನಿಮ್ಗೆ ಕಮ್ಮಿ ಮಾಡ್ತೀನಾ?’ ಎಂಬ ಉತ್ತರಕ್ಕೆ ಯಾವ ಪುರಾವೆಯೂ ಇಲ್ಲ, ಆದರೂ ಅದು ಸಾಲುತ್ತದೆ. ಒಪ್ಪಿಗೆಯಾಗದಿದ್ದರೆ ಗಿರಾಕಿ ನಾಲ್ಕು ಹೆಜ್ಜೆ ಮುಂದೆ ನಡೆದು ‘ಬನ್ನಿ ಅಕ್ಕ, ತಗೊಂಡ್ಹೋಗಿ’ ಎಂಬ ಕೂಗಿಗೆ ಕಿವಿಗೊಡುತ್ತಾಳೆ. ಬೆಳಗಿನ ಬೋಣಿಯಾದರೆ ಆ ಕೂಗು ಬಂದೇ ಬರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನವಾದರೆ ಬರುವುದಿಲ್ಲ; ಮೊಳ ಕೂಡ ಅವತ್ತು ಗಿಡ್ಡವಾಗುತ್ತದೆ. ಸಂಜೆ ಏಳರ ಮೇಲೆ ಬುಟ್ಟಿಯಲ್ಲಿ ಹೂವು ಉಳಿದಿದ್ದರೆ ಕೇಳುವ ಮೊದಲೇ ಬೆಲೆ ಇಳಿದಿರುತ್ತದೆ.

ಎಲ್ಲ ಮುಗಿದು ಎಲೆಯಲ್ಲಿ ಸುತ್ತುವ ಮುಂಚೆ ಬರುವುದು ಕೊಸರು: ಬೆರಳುದ್ದದ ತುಂಡು ಮಾಲೆ, ಇಲ್ಲವೇ ಒಂದು ಬಿಡಿ ಗುಲಾಬಿ. ಕನ್ನಡದಲ್ಲಿ ಈ ಪದಕ್ಕೆ ಎರಡು ಮುಖ. ಅಳತೆಯ ಮೇಲೆ ಕೊಡುವ ಹೆಚ್ಚಿಗೆಯೂ ಕೊಸರು, ಇನ್ನಷ್ಟು ಬೇಕೆಂದು ಹಟ ಹಿಡಿಯುವುದೂ ಕೊಸರುವುದೇ; ಕೊಸರಾಟ ಅದರ ಮುಂದಿನ ಹಂತ. ಕೇಳುವವಳನ್ನೂ ಕೊಡುವವಳನ್ನೂ ಭಾಷೆ ಒಂದೇ ದಾರದಲ್ಲಿ ಕಟ್ಟಿದೆ. ಹಾಗಾಗಿ ಕೊಸರನ್ನು ದಾನ ಎನ್ನುವುದು ತಪ್ಪು, ಡಿಸ್ಕೌಂಟ್ ಎನ್ನುವುದು ಇನ್ನೂ ತಪ್ಪು. ಬೆಲೆಯಲ್ಲಿ ಸೋಲದವಳು ಅಳತೆಯಲ್ಲಿ ತುಸು ಸೋಲುತ್ತಾಳೆ, ಗಿರಾಕಿ ನಾಳೆಯೂ ಬರಲಿ ಎಂದು. ಲೆಕ್ಕಾಚಾರವೇ ಸರಿ. ಆದರೆ ಇಬ್ಬರ ಕಣ್ಣೆದುರೇ ನಡೆಯುವ ಲೆಕ್ಕಾಚಾರ.

ಆಪ್‌ಗಳಲ್ಲೂ ಕೊಸರು ಉಂಟು, ತಲೆಕೆಳಗಾಗಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ, ಆನ್‌ಲೈನ್ ವ್ಯಾಪಾರದ 13 ಬಗೆಯ ಕೈಚಳಕಗಳನ್ನು ಪಟ್ಟಿ ಮಾಡಿತು. ಗ್ರಾಹಕರು ಕೇಳದ ವಸ್ತುವನ್ನೋ ಸೇವೆಯನ್ನೋ ದೇಣಿಗೆಯನ್ನೋ ದುಡ್ಡು ಕೊಡುವ ಹೊತ್ತಿಗೆ ಬುಟ್ಟಿಗೆ ಸೇರಿಸಿಬಿಡುವುದು ಅದರಲ್ಲೊಂದು. ಮೊದಲು ಒಂದು ಬೆಲೆ ತೋರಿಸಿ, ಕೊನೆಯ ಪರದೆಗೆ ಬರುವಷ್ಟರಲ್ಲಿ ಆ ಶುಲ್ಕ ಈ ಶುಲ್ಕ ಎಂದು ಹನಿಹನಿಯಾಗಿ ಏರಿಸುವುದು ಇನ್ನೊಂದು. ಹೂವಾಡಗಿತ್ತಿ ಕೇಳದೆ ಹಾಕಿದ್ದಕ್ಕೆ ದುಡ್ಡಿಲ್ಲ. ಇಲ್ಲಿ ಕೇಳದೆ ಬಿದ್ದದ್ದಕ್ಕೂ ದುಡ್ಡು. ಕಣ್ಣಿಡೋಣ ಎಂದರೆ ಬೆರಳೇ ಕಾಣುವುದಿಲ್ಲ. ತಪ್ಪಾದಾಗ ಚಾಟ್‌ಬಾಟ್ ಕ್ಷಮೆ ಕೇಳುತ್ತದೆ, ಎಷ್ಟೋ ಸಲ ಹಣವೂ ವಾಪಸಾಗುತ್ತದೆ. ಜಗಳಕ್ಕೆ ಮಾತ್ರ ಯಾರೂ ಸಿಗುವುದಿಲ್ಲ.

ಮೊಳವೆಂದರೆ ಎಣಿಸಲು ಬಾರದವರ ಅಳತೆ ಎಂದು ಮೂಗು ಮುರಿಯುವವರು ಉಡುಪಿ ಜಿಲ್ಲೆಯ ಶಂಕರಪುರದ ಕಡೆ ನೋಡಲಿ. ಭೌಗೋಳಿಕ ಸೂಚಕ ಪಡೆದಿರುವ ಅಲ್ಲಿಯ ಮಲ್ಲಿಗೆ ಎಣಿಕೆಯ ಮೇಲೆ ಹೋಗುತ್ತದೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3,200 ಹೂವು. ಅಟ್ಟೆಯ ದರ ದಿನದಿನವೂ ಅಲ್ಲೇ ಗೊತ್ತಾಗುತ್ತದೆ. ಇಂಥ ಕರಾರುವಾಕ್ಕಾದ ಪದ್ಧತಿ ಪಕ್ಕದಲ್ಲೇ ಇದ್ದರೂ ಘಟ್ಟದ ಮೇಲಿನವರು ಮೊಳ ಬಿಟ್ಟಿಲ್ಲ. ಅದರ ಸಡಿಲವೇ ಅವರಿಗೆ ಬೇಕಾದದ್ದು.

ಇಲ್ಲಿ ಸ್ವಪಕ್ಷದವರ ಮೇಲೊಂದು ತಕರಾರು. ಮುಖಾಮುಖಿ ವ್ಯಾಪಾರದ ಪರ ಬರೆಯುವವರಲ್ಲಿ ಬಹುಪಾಲು ಜನ ಅದನ್ನು ಹೊಗಳುವುದು ‘ಆತ್ಮೀಯತೆ’ಯ ಹೆಸರಿನಲ್ಲಿ. ಸಂತೆಯೆಂದರೆ ಕಷ್ಟಸುಖ ವಿಚಾರಿಸುವ ತಾಣ, ಶೆಟ್ಟರ ಅಂಗಡಿಯೆಂದರೆ ಉದ್ರಿ ಕೊಟ್ಟು ಕಾಪಾಡಿದ ದೈವ; ಈ ಬಗೆಯ ಬರಹ ವಿಶೇಷಾಂಕಗಳಿಗೆ ತಪ್ಪದೆ ಬರುತ್ತದೆ. ಅದನ್ನು ವಿಮರ್ಶೆ ಎನ್ನಲಾಗದು, ಹಳಹಳಿಕೆ. ಉದ್ರಿ ಪುಸ್ತಕದಲ್ಲಿ ಬಡ್ಡಿಯೂ ಬೆಳೆಯುತ್ತಿತ್ತು. ಬಾಕಿಯಿದ್ದವನು ಹುಳುಕು ಬೇಳೆ ಕೊಟ್ಟರೂ ಸುಮ್ಮನೆ ಒಯ್ಯುತ್ತಿದ್ದ. ತಕ್ಕಡಿಯ ತಟ್ಟೆಯಡಿ ಅಂಟಿಸಿದ ಹುಣಸೆಹಣ್ಣು ಇವರ ಬರಹಗಳಲ್ಲಿ ಎಲ್ಲೂ ಕಾಣುವುದಿಲ್ಲ. ಹೂವಾಡಗಿತ್ತಿ ಕರೆಯುವ ‘ಅಕ್ಕ’ ಅವಳ ಕಸುಬಿನ ಮಾತು, ಅದಕ್ಕೆ ರಕ್ತಸಂಬಂಧ ಹೊಲಿಯುವುದು ಬೇಡ. ಬರೀ ಆತ್ಮೀಯತೆ ಸಾಕೆಂದರೆ ಅದನ್ನು ಕಂಪನಿಗಳೂ ಒದಗಿಸಬಲ್ಲವು: ನೆದರ್ಲೆಂಡ್ಸಿನ ಜಂಬೊ ಸೂಪರ್‌ಮಾರ್ಕೆಟ್ 2019ರಲ್ಲಿ, ಒಂಟಿತನ ಕಾಡುವ ಹಿರಿಯರು ಸಾವಕಾಶವಾಗಿ ಹರಟಲೆಂದೇ ಪ್ರತ್ಯೇಕ ಬಿಲ್ಲಿಂಗ್ ಕೌಂಟರ್ ತೆರೆಯಿತು. ಒಳ್ಳೆಯ ಕೆಲಸ. ಆ ಕೌಂಟರಿನಲ್ಲಿ ಚೌಕಾಸಿ ಇಲ್ಲ.

ಎದುರು ಪಾಳಯದ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಮುಖ ನೋಡಿ ಮಣೆ ಹಾಕುವ ಸಮಾಜದಲ್ಲಿ ಮುಖಾಮುಖಿಯನ್ನು ಹೊಗಳುವುದು ಮೇಲುಜಾತಿಯ ಚಪಲ ಎನ್ನುತ್ತಾರೆ ಅವರು. ಮಾತಿಗೆ ತೂಕವಿದೆ. ಅಂಗಡಿ, ಹೋಟೆಲುಗಳ ಪ್ರವೇಶಕ್ಕೆ ಜಾತಿಯ ತಡೆ ಇರಕೂಡದು ಎಂದು ಸಂವಿಧಾನದ 15(2)ನೇ ವಿಧಿಯಲ್ಲೇ ಬರೆಯಬೇಕಾಗಿ ಬಂದ ದೇಶವಿದು. ಕೈಗೆ ತಾಗದಂತೆ ಮೇಲಿನಿಂದ ಸಾಮಾನು ಬೀಳಿಸಿದ ಅಂಗಡಿಕಟ್ಟೆಯ ನೆನಪಿರುವವರಿಗೆ ಆಪ್‌ನ ಮುಖವಿಲ್ಲದ ಬೆಲೆ ಬಿಡುಗಡೆಯಂತೆ ಕಂಡರೆ ತಪ್ಪೇನು? 2022ರ ಮಾರ್ಚಿನಲ್ಲಿ, ಶಂಕರಪುರಕ್ಕೆ ಹತ್ತಿರದ ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಸಿಗಲಿಲ್ಲ; 2002ರ ಮುಜರಾಯಿ ನಿಯಮವನ್ನು ಆಧಾರವಾಗಿ ತೋರಿಸಲಾಯಿತು, ಬೇರೆ ಜಾತ್ರೆಗಳಿಗೂ ಅದು ಹಬ್ಬಿತು. ‘ಸಂತೆ ಎಲ್ಲರದು’ ಎಂದು ಬರೆಯುವ ಕೈ ಇಲ್ಲಿ ತಡೆಯಬೇಕು.

ಆದರೆ ಈ ಆಕ್ಷೇಪದವರು ಅರ್ಧ ದಾರಿಗೇ ನಿಲ್ಲುತ್ತಾರೆ. ಆಪ್ ಮರೆಮಾಡುವುದು ಕೊಳ್ಳುವವರ ಮುಖವನ್ನು ಮಾತ್ರ. ತಂದುಕೊಡುವವನ ಹೆಸರು ಪರದೆಯ ಮೇಲೆ ಎದ್ದು ಕಾಣುತ್ತದೆ. 2019ರ ಜುಲೈನಲ್ಲಿ ಜಬಲ್ಪುರದ ಗ್ರಾಹಕನೊಬ್ಬ ಜೊಮ್ಯಾಟೊ ಊಟ ಬೇಡವೆಂದದ್ದು ತರುವವನು ಹಿಂದೂ ಅಲ್ಲ ಎಂಬ ಕಾರಣಕ್ಕೆ. 2024ರ ಮಾರ್ಚಿನಲ್ಲಿ ಅದೇ ಕಂಪನಿ ‘ಶುದ್ಧ ಸಸ್ಯಾಹಾರ’ದ ಸವಾರರಿಗೆ ಹಸಿರು ಅಂಗಿ ತೊಡಿಸಲು ಹೊರಟು, ಟೀಕೆ ಬಂದ ಕೂಡಲೇ ಅಂಗಿಯ ಬಣ್ಣವನ್ನು ಹಿಂತೆಗೆದುಕೊಂಡಿತು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಡೆಲಿವರಿ ಹುಡುಗರು ಸರ್ವಿಸ್ ಲಿಫ್ಟಿನಲ್ಲೇ ಹತ್ತಬೇಕು. ಅಂಗಡಿಕಟ್ಟೆಯ ಮೇಲಿದ್ದ ಜಾತಿ ಎದ್ದು ಬಂದು ಲಿಫ್ಟಿನ ಬಾಗಿಲಲ್ಲಿ ನಿಂತಿದೆ. ‘ಬರಲ್ಲ ಹೋಗಕ್ಕ’ ಎಂದು ಹೂವಾಡಗಿತ್ತಿ ಹೇಳಬಲ್ಲಳು. ಈ ಹುಡುಗ ಹಾಗೆಂದರೆ ರೇಟಿಂಗ್ ಬೀಳುತ್ತದೆ. ಒಬ್ಬರೇ ಆಡಿ, ಇನ್ನೊಬ್ಬರು ಬರೀ ಕೇಳಿಸಿಕೊಳ್ಳಬೇಕಾದ ಜಗಳಕ್ಕೆ ರೇಟಿಂಗ್ ಎಂದು ಹೆಸರು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದು, ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಹಾಕಿತು. ಲಿಖಿತ ಕಾರಣವಿಲ್ಲದೆ, 14 ದಿನಗಳ ನೋಟಿಸಿಲ್ಲದೆ ಕೆಲಸದಿಂದ ತೆಗೆಯಬಾರದು ಎಂದಿತು. ‘ಯಾಕೆ ತೆಗೆದಿರಿ?’ ಎಂದು ಎದುರು ನಿಂತು ಕೇಳಲು ಯಾರೂ ಇಲ್ಲದ್ದರಿಂದ ಆ ಪ್ರಶ್ನೆಯನ್ನು ಶಾಸನದಲ್ಲಿ ಬರೆಯಬೇಕಾಯಿತು.

ಹಾಗೆಂದು ಮುಖಾಮುಖಿ ಎಲ್ಲ ಕಡೆಯೂ ಒಳ್ಳೆಯದೇ? ಪಹಣಿಗಾಗಿ ಗ್ರಾಮ ಲೆಕ್ಕಿಗರ ಬೆನ್ನು ಹತ್ತಿ ಚಪ್ಪಲಿ ಸವೆಸಿದ ರೈತ ಹಾಗೆ ಹೇಳಲಾರ. ‘ಭೂಮಿ’ ಯೋಜನೆ 2000ದ ದಶಕದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಕೊಡತೊಡಗಿದಾಗ ಲೆಕ್ಕಿಗರ ಮುಖ ನೋಡುವುದು ತಪ್ಪಿದ್ದೇ ದೊಡ್ಡ ಲಾಭ. ಅವರನ್ನು ಬಿಟ್ಟು ಪಕ್ಕದ ಬುಟ್ಟಿಗೆ ಹೋಗುವಂತಿರಲಿಲ್ಲ. ಎದ್ದು ನಡೆಯುವ ದಾರಿ ಇಲ್ಲದ ಕಡೆ ಮುಖವೆಂದರೆ ಸುಂಕದ ಕಟ್ಟೆ; ಅಂಥ ಕಡೆ ಯಂತ್ರವೇ ವಾಸಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಹಳೆಯ ಕಾಲ ಮರಳಿತೆಂದು ಇದನ್ನು ನೋಡಿ ಹಿಗ್ಗಿದರೆ ಅದು ಇನ್ನೊಂದು ಹಳಹಳಿಕೆಯಾದೀತು. ಆ ಚೀಟಿ ಅಂಟಿಸಿದ್ದು ತೆರಿಗೆಯ ಹೆದರಿಕೆ. ಬುಟ್ಟಿಗೆ ಕ್ಯೂಆರ್ ಕೋಡ್ ಅಂಟಿಸಿಕೊಂಡ ಹೂವಾಡಗಿತ್ತಿಯ ಮೊಳ ಅದರಿಂದೇನೂ ಕೆಟ್ಟಿಲ್ಲ, ಚಿಲ್ಲರೆ ಇಲ್ಲದ್ದಕ್ಕೆ ಕೈಗೆ ಬರುತ್ತಿದ್ದ ನಾಲ್ಕು ಎಳೆ ತುಳಸಿ ಹೋಯಿತೆನ್ನುವುದು ಬಿಟ್ಟರೆ.

ಹೂವನ್ನು ಆಪ್‌ಗಳೂ ಮಾರುತ್ತವೆ, ಪೊಟ್ಟಣದಲ್ಲಿ, ಗ್ರಾಂ ಲೆಕ್ಕದಲ್ಲಿ, ಕಾಯ್ದೆಗೆ ಒಪ್ಪುವ ಹಾಗೆ. ನೂರು ಗ್ರಾಂ ಎಂದು ಬರೆದ ಪೊಟ್ಟಣದಲ್ಲಿ ನೂರು ಗ್ರಾಂ ಇರುತ್ತದೆ. ನೂರಾ ಒಂದು ಇರುವುದಿಲ್ಲ.