ಗೊಂಬೆಗೆ ಜೀವ ಬಂದರೆ ಭಯ ಯಾರಿಗೆ?

ತಾಳಗುಪ್ಪದ ಗದ್ದೆಗಳಲ್ಲಿ ನಾವು ಮೊದಲು ಕಂಡ ಗೊಂಬೆ ಬೆರ್ಚಪ್ಪ. ಅದರ ಮೈಮೇಲೆ ನಮ್ಮ ಅಪ್ಪಂದಿರ ಹರಿದ ಅಂಗಿ. ಕಾಯುತ್ತಿದ್ದದ್ದು ಮಾತ್ರ ಒಡೆಯರ ಬೆಳೆ. ರಾತ್ರಿ ಅದು ನಡೆದು ಬರುತ್ತೆ ಅಂತ ಹೆದರಿಸಿ ನಮ್ಮನ್ನು ಮಲಗಿಸುತ್ತಿದ್ದರು. ಕಾಲೇಜು ಸೇರಿದ ಮೇಲೆ ಇಂಥವೇ ಕತೆಗಳನ್ನು ಪುಸ್ತಕದಲ್ಲಿ ಓದಿದೆವು.

ಜರ್ಮನಿಯ ಹಾಫ್‌ಮನ್ 1816ರಲ್ಲಿ ಪ್ರಕಟಿಸಿದ 'ಡೇರ್ ಸಾಂಡ್‌ಮನ್' ನೋಡಿ. ನಥಾನಿಯೆಲ್ ಎಂಬ ವಿದ್ಯಾರ್ಥಿ ಪದ್ಯ ಬರೆಯುತ್ತಾನೆ. ಅವನನ್ನು ಮದುವೆಯಾಗಬೇಕಿದ್ದ ಕ್ಲಾರಾ, ಇದನ್ನು ಬೆಂಕಿಗೆ ಹಾಕು ಅನ್ನುತ್ತಾಳೆ. ಅವಳನ್ನೇ ಜೀವವಿಲ್ಲದ ಯಂತ್ರ ಅಂತ ಬೈಯುತ್ತಾನೆ. ಆಮೇಲೆ ಒಲಿಂಪಿಯಾಳಿಗೆ ಮನಸೋಲುತ್ತಾನೆ. ಅವಳು ಪ್ರೊಫೆಸರೊಬ್ಬ ಮಾಡಿದ ಗೊಂಬೆ. ಏನು ಓದಿದರೂ 'ಆಹ್, ಆಹ್' ಅಷ್ಟೆ. ತನ್ನನ್ನು ಅರ್ಥಮಾಡಿಕೊಂಡವಳು ಇವಳೊಬ್ಬಳೇ ಅಂತ ಅವನಿಗೆ! ಎದುರುತ್ತರ ಕೊಟ್ಟವಳು ಗೊಂಬೆಯಾದಳು, ಗೊಂಬೆ ಹೆಂಗಸಾಯಿತು. ಪದ್ಯ ಬರೆಯುವ ನಮಗೂ ಈ ಕತೆ ಚುಚ್ಚುತ್ತದೆ.

ಅಮೆರಿಕದ ಎ. ಮೆರಿಟ್‌ನ 'ಬರ್ನ್, ವಿಚ್, ಬರ್ನ್!' ಬಂದದ್ದು 1932ರಲ್ಲಿ. ಅದರಲ್ಲಿ ಗೊಂಬೆ ಅಂಗಡಿಯ ಮಂಡಿಲಿಪ್ ಜನರನ್ನು ಕೊಂದು, ಅವರದೇ ರೂಪದ ಗೊಂಬೆಗಳಲ್ಲಿ ಅವರ ಜೀವವನ್ನು ಸೆರೆಯಿಡುತ್ತಾಳೆ. ಆ ಗೊಂಬೆಗಳು ಅವಳು ಹೇಳಿದವರನ್ನು ಚುಚ್ಚಿ ಕೊಲ್ಲುತ್ತವೆ. ಓದುಗ ಹೆದರುವುದು ಪುಟ್ಟ ಕೈಗಳಿಗೆ. ಆದರೆ ಇದು ಜೀತ ಅಲ್ಲವೇನು? ಸತ್ತ ಮೇಲೂ ಬಿಡದ ಜೀತ!

ನಮ್ಮ ಬತ್ತೀಸ ಪುತ್ತಳಿ ಕತೆಯಲ್ಲಿ ಭಯವಿಲ್ಲ. ವಿಕ್ರಮನ ಸಿಂಹಾಸನ ಏರಹೋದ ಭೋಜನನ್ನು 32 ಗೊಂಬೆಗಳು ತಡೆಯುತ್ತವೆ. ಬಾಯಿ ಬಂದದ್ದೇ ಇನ್ನೊಬ್ಬ ರಾಜನನ್ನು ಹೊಗಳುತ್ತವೆ. ಇಂಥ ಮಾತಿಗೆ ಯಾವ ಅರಸ ಹೆದರಿಯಾನು?

ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಕೊಳಗದ ಅಳತೆ ಸರಿಯಿರಲಿ ಅಂದರು. ತಲೆತಗ್ಗಿಸಿ ನಿಂತವರು ಬಾಯಿಬಿಟ್ಟಾಗ ಒಡೆಯರಿಗೆ ದೆವ್ವ ಕಂಡ ಹಾಗಾಯಿತು. ಸತ್ಯಾಗ್ರಹಿಗಳಿಗೆ ಜೈಲು ಸಿಕ್ಕಿತು. ಮುಂದೆ 1974ರ ಭೂಸುಧಾರಣೆ ಕಾಯಿದೆ ಉಳುವ ಗೇಣಿದಾರನಿಗೆ ಹಕ್ಕು ಕೊಟ್ಟಿತು. ಗೇಣಿಯೂ ಇಲ್ಲದ ಕೂಲಿಯವರು, ಬೆರ್ಚಪ್ಪನಿಗೆ ಅಂಗಿ ಕೊಟ್ಟವರು, ಬೇಲಿಯಾಚೆಗೇ ಉಳಿದರು.

ಹಾಫ್‌ಮನ್, ಮೆರಿಟ್ ಕಸುಬು ಬಲ್ಲವರು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಗೊಂಬೆ ಆಡಿಸುವವನ ಕೆಟ್ಟ ಕನಸನ್ನು ಅವರು ಹಿಡಿದಿದ್ದಾರೆ. ಗೊಂಬೆಯ ಕನಸನ್ನು ಬರೆಯುವ ಕೆಲಸ ನಮ್ಮದು.

ಹಳ್ಳಿ ಶಾಲೆಯ ಮೇಷ್ಟ್ರೇ, ಮಕ್ಕಳಿಗೆ ಈ ಕತೆಗಳನ್ನು ಹೇಳಿ, ಆಮೇಲೆ ಕೇಳಿ: ಬೆರ್ಚಪ್ಪ ನಡೆಯತೊಡಗಿದರೆ ಎಲ್ಲಿಗೆ ಹೋಗುತ್ತೆ? ನಮಗನ್ನಿಸುತ್ತೆ, ಈ ಅಂಗಿ ಯಾರದು ಅಂತ ಕೇಳಿಕೊಂಡು ಅದು ನಮ್ಮ ಕೇರಿಗೇ ಬರುತ್ತೆ. ಬಂದರೆ ಚಾಪೆ ಹಾಸುತ್ತೇವೆ.