ಒಂದು ಕೀಲಿಮಣೆ, ಹಲವು ಚಾಲಕರು

೧

ಗಣಕಶಾಸ್ತ್ರದ ‘ಡ್ರೈವರ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ‘ಚಾಲಕ’ ಎಂಬ ಪ್ರತಿಶಬ್ದವು ಬಳಕೆಗೆ ಬಂದಿದೆ. ಕೀಲಿಮಣೆ, ಮೌಸ್, ಮುದ್ರಕ ಮೊದಲಾದ ಒಂದೊಂದು ಯಂತ್ರಾಂಶದೊಡನೆ ವ್ಯವಹರಿಸುವುದಕ್ಕಾಗಿ ಆಪರೇಟಿಂಗ್ ಸಿಸ್ಟಂನಲ್ಲಿ ಇರಿಸಿರುವ ತಂತ್ರಾಂಶಕ್ಕೆ ಈ ಹೆಸರು ಸಲ್ಲುತ್ತದೆ. ಶಬ್ದವು ಸುಲಭವಾದುದು, ವಿದ್ಯಾರ್ಥಿಯ ಕಿವಿಗೆ ಪರಿಚಿತವಾದುದು. ಆದರೆ ಶಬ್ದವೊಂದು ಬರುವಾಗ ತನ್ನ ಅರ್ಥವನ್ನಷ್ಟೇ ಅಲ್ಲದೆ ತನ್ನ ಚಿತ್ರವನ್ನೂ ಜೊತೆಗೆ ತರುತ್ತದೆ. ಬಸ್ಸಿಗೆ ಚಾಲಕನು ಒಬ್ಬನೇ. ಚಕ್ರವು ಅವನ ಕೈಯಲ್ಲಿರುವ ತನಕ ಬಂಡಿಯೆಲ್ಲ ಅವನ ಅಧೀನ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವ ವಿದ್ಯಾರ್ಥಿಗೆ, ಒಂದೇ ಯಂತ್ರಾಂಶವನ್ನು ಎರಡು ಮೂರು ಚಾಲಕಗಳು ಬಳಸಬೇಕಾಗಿ ಬಂದಾಗ ನಡೆಯತಕ್ಕದ್ದು ಏನೆಂಬುದು ಹೊಳೆಯುವುದಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಈ ಪ್ರಶ್ನೆಯನ್ನೇ.

ಇದು ವಿಜ್ಞಾನ ವಿಭಾಗದವರಿಗೆ ಸೇರಿದ ವಿಷಯವಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಕನ್ನಡವನ್ನು ಇಂದು ಬರೆಯುವವರಲ್ಲಿ ಬಹುಮಂದಿ ಕೀಲಿಮಣೆಯ ಮೂಲಕವೇ ಬರೆಯುತ್ತಾರೆ. ಒಂದು ಕೀಲಿಮಣೆಗಾಗಿ ಹಲವು ಚಾಲಕಗಳು ಸ್ಪರ್ಧಿಸಿದ ಚರಿತ್ರೆಯು ಕನ್ನಡದ ಈಚಿನ ಚರಿತ್ರೆಯ ಒಂದು ಭಾಗವಾಗಿದೆ. ಆದುದರಿಂದ ಈ ವಿಷಯದಲ್ಲಿ ಭಾಷೆಯ ಅಧ್ಯಾಪಕನಿಗೂ ಮಾತಾಡುವ ಹಕ್ಕುಂಟು; ಮಾತಾಡದಿದ್ದರೆ ಹೊಣೆಯೂ ಉಂಟು.

೨

ಮೊದಲು ಯಂತ್ರದ ಸ್ಥಿತಿಯನ್ನು ನೋಡೋಣ. ೧೯೮೪ರಲ್ಲಿ ಹೊರಬಂದ ಐಬಿಎಂ ಪಿಸಿ ಎಟಿ ಗಣಕದಲ್ಲಿ ಕೀಲಿಮಣೆಯನ್ನು ನೋಡಿಕೊಳ್ಳಲು ೮೦೪೨ ಎಂಬ ನಿಯಂತ್ರಕವನ್ನು ಇರಿಸಿದ್ದರು. ೧೯೮೭ರ ಪಿಎಸ್/೨ ಗಣಕಗಳಲ್ಲಿ ಮೌಸ್ ಕೂಡ ಅದೇ ನಿಯಂತ್ರಕದ ಆಶ್ರಯಕ್ಕೆ ಬಂದಿತು. ಕೀಲಿಮಣೆಯ ಬೈಟು, ಮೌಸಿನ ಬೈಟು, ಎರಡೂ ಹೊರಗೆ ಬರಬೇಕಾದುದು ಒಂದೇ ದ್ವಾರದಿಂದ. ಬಂದ ಬೈಟು ಯಾರದೆಂಬುದನ್ನು ಪಕ್ಕದ ಸ್ಥಿತಿದ್ವಾರದ ಒಂದು ಬಿಟ್ ಮಾತ್ರ ಸೂಚಿಸುತ್ತದೆ. ಹೀಗೆ ಒಂದು ಯಂತ್ರಾಂಶ, ಎರಡು ಚಾಲಕಗಳು ಎಂಬ ಸನ್ನಿವೇಶವು ನಮ್ಮ ಮೇಜಿನ ಮೇಲೆಯೇ ಏರ್ಪಟ್ಟಿತು.

ಇಲ್ಲಿ ಎರಡು ಬಗೆಯ ಅನರ್ಥಗಳು ಸಂಭವಿಸಬಹುದು. ಒಂದನೆಯದು ಓದುವಾಗ. ದ್ವಾರದಿಂದ ಬೈಟನ್ನು ಓದಿದೊಡನೆ ಅದು ಅಲ್ಲಿಂದ ತೆರವಾಗುತ್ತದೆ. ಮೌಸಿನ ಚಾಲಕವು ಅವಸರಪಟ್ಟು ಕೀಲಿಮಣೆಯ ಬೈಟನ್ನು ಓದಿಬಿಟ್ಟರೆ ಆ ಅಕ್ಷರವು ಕೀಲಿಮಣೆಯ ಚಾಲಕಕ್ಕೆ ದೊರೆಯುವುದೇ ಇಲ್ಲ. ಎರಡನೆಯದು ಬರೆಯುವಾಗ. ಮೌಸಿಗೆ ಆಜ್ಞೆ ಕೊಡಬೇಕಾದರೆ, ‘ಮುಂದಿನ ಬೈಟು ಮೌಸಿಗೆ’ ಎಂದು ನಿಯಂತ್ರಕಕ್ಕೆ ಮೊದಲು ತಿಳಿಸಿ, ಅನಂತರ ಆ ಬೈಟನ್ನು ಬರೆಯಬೇಕು. ಈ ಎರಡು ಹೆಜ್ಜೆಗಳ ನಡುವೆ ಕೀಲಿಮಣೆಯ ಚಾಲಕವು ನುಗ್ಗಿ ತನ್ನ ದೀಪ ಹೊತ್ತಿಸುವ ಆಜ್ಞೆಯನ್ನು ಬರೆದರೆ ಆ ಆಜ್ಞೆಯು ಮೌಸಿಗೆ ಹೋಗಿ ಸೇರುತ್ತದೆ. ಎರಡು ಚಾಲಕಗಳೂ ತಮ್ಮ ಮಟ್ಟಿಗೆ ನಿರ್ದುಷ್ಟವಾಗಿವೆ. ದೋಷವಿರುವುದು ಅವುಗಳ ನಡುವಣ ತೆರಪಿನಲ್ಲಿ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು; ಮುಂದಿನ ವಿಮರ್ಶೆಗೆಲ್ಲ ಇದೇ ತಳಹದಿ.

ಲಿನಕ್ಸ್ ವ್ಯವಸ್ಥೆಯು ಇದಕ್ಕೆ ಕಂಡುಕೊಂಡ ಪರಿಹಾರವು ಗಮನಾರ್ಹವಾಗಿದೆ. ೮೦೪೨ರ ದ್ವಾರಗಳನ್ನು ಮುಟ್ಟುವ ಅಧಿಕಾರವು ಅಲ್ಲಿ ಒಂದೇ ಚಾಲಕಕ್ಕೆ ಮೀಸಲು. ಅದು ಬಂದ ಬೈಟನ್ನು ಓದಿ, ಯಾರದೆಂದು ನೋಡಿ, ತಾನೇ ನಿರ್ಮಿಸಿದ ಎರಡು ಕಾಲುವೆಗಳಲ್ಲಿ ಒಂದಕ್ಕೆ ಬಿಡುತ್ತದೆ. ಕೀಲಿಮಣೆಯ ಚಾಲಕವು ಒಂದು ಕಾಲುವೆಯ ತುದಿಯಲ್ಲಿಯೂ ಮೌಸಿನ ಚಾಲಕವು ಮತ್ತೊಂದರ ತುದಿಯಲ್ಲಿಯೂ ನಿಂತಿರುತ್ತವೆ. ಎರಡರಲ್ಲಿ ಯಾವುದೂ ದ್ವಾರವನ್ನು ತಾನಾಗಿ ಮುಟ್ಟುವುದಿಲ್ಲ. ಎರಡು ಹೆಜ್ಜೆಯ ಆಜ್ಞೆ ನಡೆಯುವಾಗ ಬೀಗ ಹಾಕಿರುತ್ತಾರೆ; ಆಜ್ಞೆ ಮುಗಿಯುವ ತನಕ ಇನ್ನೊಬ್ಬರಿಗೆ ಪ್ರವೇಶವಿಲ್ಲ.

೩

ಈ ಏರ್ಪಾಡನ್ನು ವರ್ಣಿಸುವಾಗ ನಮಗೆ ‘ಕಾಲುವೆ’ ಎಂಬ ಶಬ್ದವು ಸಹಜವಾಗಿ ಒದಗಿದುದು ಆಕಸ್ಮಿಕವಲ್ಲ. ನೀರನ್ನು ಹಲವರು ಬಳಸುವ ವಿದ್ಯೆಯು ಚಿತ್ರದುರ್ಗದ ಸೀಮೆಗೆ ಹೊಸದಲ್ಲ. ಕದಂಬ ಮಯೂರಶರ್ಮನ ಚಂದ್ರವಳ್ಳಿಯ ಶಾಸನವು ಹೇಳುವುದು ಒಂದು ಕೆರೆಯ ಕೆಲಸವನ್ನು. ಹೊಳಲ್ಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ೧೮೯೮ರಿಂದ ೧೯೦೭ರ ವರೆಗೆ ಕಟ್ಟಿದ ವಾಣಿವಿಲಾಸ ಸಾಗರವು ಈ ವಿದ್ಯೆಯ ದೊಡ್ಡ ನಿದರ್ಶನ. ಅದರ ನೀರಿನಿಂದ ಹಿರಿಯೂರಿನ ಅಚ್ಚುಕಟ್ಟು ಬೆಳೆಯುತ್ತದೆ; ಚಿತ್ರದುರ್ಗ ನಗರಕ್ಕೆ ಕುಡಿಯುವ ನೀರು ಹೋಗುತ್ತದೆ; ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೆ ಚಾಚಿಕೊಂಡಿದೆ. ೧೯೩೩ರಲ್ಲಿ ಕೋಡಿ ಹರಿದ ಆ ಜಲಾಶಯವು ಮತ್ತೆ ಕೋಡಿ ಹರಿದುದು ಎಂಬತ್ತೊಂಬತ್ತು ವರ್ಷಗಳ ತರುವಾಯ, ೨೦೨೨ರಲ್ಲಿ. ಅದೇ ನೀರಿನ ಮಟ್ಟವು ಕೆಳಗಿನ ಗದ್ದೆಯವನಿಗೆ ಹರ್ಷವನ್ನೂ ಹಿನ್ನೀರಿನ ಅಂಚಿನ ರೈತನಿಗೆ ಆತಂಕವನ್ನೂ ತರಬಲ್ಲುದು. ಕಟ್ಟೆಯು ಒಂದೇ ಆದರೂ ಅದರಿಂದ ಬೇಕಾದುದು ಒಬ್ಬೊಬ್ಬರಿಗೆ ಒಂದೊಂದು.

ಹಳೆಯ ಮೈಸೂರು ಸೀಮೆಯ ಕೆರೆಬಯಲುಗಳಲ್ಲಿ ಇಂಥ ಸಂದರ್ಭಕ್ಕೆಂದೇ ನೀರುಗಂಟಿ ಎಂಬವನಿದ್ದನು. ತೂಬನ್ನು ಎತ್ತುವವನು ಅವನು, ಇಳಿಸುವವನು ಅವನು. ಯಾವ ಗದ್ದೆಗೆ ಯಾವಾಗ ಮಡೆ ತಿರುಗಬೇಕೆಂಬುದು ಅವನ ಕೆಲಸ. ಗದ್ದೆಯವರಲ್ಲಿ ಯಾರೂ ತೂಬಿಗೆ ಕೈ ಹಾಕತಕ್ಕದ್ದಲ್ಲ. ನೀರುಗಂಟಿಯು ನೀರಿನ ಒಡೆಯನಲ್ಲ, ಕೆರೆಯ ಒಡೆಯನೂ ಅಲ್ಲ. ಅವನಿಗಿದ್ದ ಬಲವೆಲ್ಲ ಸರದಿಯ ಬಲ. ೮೦೪೨ರ ಮೂಲ ಚಾಲಕವು ಮಾಡುವ ಕೆಲಸವು ಈ ನೀರುಗಂಟಿಯ ಕೆಲಸವೆಂದು ಹೇಳಿದರೆ, ‘ಚಾಲಕ’ ಎಂಬ ಶಬ್ದದಿಂದ ಹೊಳೆಯದಿದ್ದ ಅರ್ಥವು ನಮ್ಮ ವಿದ್ಯಾರ್ಥಿಗಳಿಗೆ ಒಡನೆಯೇ ಹೊಳೆಯುತ್ತದೆ.

ಆದರೆ ದೃಷ್ಟಾಂತವನ್ನು ಅದರ ಮೇರೆ ಮೀರಿ ಎಳೆಯಬಾರದು. ನೀರನ್ನು ಪಾಲು ಮಾಡಬಹುದು; ಒತ್ತಿದ ಕೀಲಿಯನ್ನು ಪಾಲು ಮಾಡಲಾಗದು. ಅರ್ಧ ನೀರು ಅರ್ಧ ಗದ್ದೆಯನ್ನು ನೆನೆಯಿಸೀತು. ಅರ್ಧ ಅಕ್ಷರವೆಂಬುದು ಇಲ್ಲ. ‘ಹಂಚಿಕೆ’ ಎಂಬ ನಮ್ಮ ಶಬ್ದವು ಪಾಲು ಮಾಡುವುದಕ್ಕೂ ಒಂದೇ ವಸ್ತುವನ್ನು ಸರದಿಯಲ್ಲಿ ಬಳಸುವುದಕ್ಕೂ ಸಮಾನವಾಗಿ ಸಲ್ಲುತ್ತಿರುವುದರಿಂದ ಈ ಭೇದವು ಮರೆಯಾಗುತ್ತದೆ. ಯಂತ್ರಾಂಶದ ವಿಷಯದಲ್ಲಿ ಮುದ್ರಕ, ಕೀಲಿಮಣೆಗಳಂಥವು ಸರದಿಯ ವಸ್ತುಗಳು. ಸ್ಮೃತಿಕೋಶ, ಡಿಸ್ಕುಗಳಂಥವನ್ನು ಪಾಲು ಮಾಡಬಹುದು. ಎರಡಕ್ಕೂ ಒಂದೇ ಶಬ್ದವನ್ನು ಬಳಸುವ ಪಠ್ಯವು ಎರಡನ್ನೂ ಸ್ಪಷ್ಟವಾಗಿ ಕಲಿಸಲಾರದು.

೪

ಇನ್ನು ಕನ್ನಡದ ಕೀಲಿಮಣೆಯ ಪ್ರಸಂಗಕ್ಕೆ ಬರೋಣ. ಕನ್ನಡವನ್ನು ಕೀಲಿಸಲು ಹಲವು ವಿನ್ಯಾಸಗಳುಂಟು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ ೧೯೮೬ರಲ್ಲಿ ರೂಪುಗೊಂಡ ಇನ್‌ಸ್ಕ್ರಿಪ್ಟ್ ಒಂದು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದುದು ಇನ್ನೊಂದು. ೧೯೯೮ರಲ್ಲಿ ಹೊರಬಂದ ‘ಬರಹ’ದಲ್ಲಿ ಜನಪ್ರಿಯವಾದ ಇಂಗ್ಲಿಷ್ ಲಿಪ್ಯಂತರದ ಕ್ರಮ ಮತ್ತೊಂದು.

‘ದುರ್ಗ’ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ನುಡಿಯ ಕ್ರಮದಲ್ಲಿ ಡಿ, ಯು, ಆರ್, ಎಫ್, ಜಿ ಎಂಬ ಐದು ಕೀಲಿಗಳನ್ನು ಒತ್ತಬೇಕು. ಅಲ್ಲಿ ಎಫ್ ಎಂಬುದು ಒತ್ತಕ್ಷರವನ್ನು ಕೂಡಿಸುವ ಕೊಂಡಿ. ಲಿಪ್ಯಂತರದಲ್ಲಿ ಡಿ, ಯು, ಆರ್, ಜಿ, ಎ. ಇನ್‌ಸ್ಕ್ರಿಪ್ಟಿನಲ್ಲಿ ಓ, ಜಿ, ಜೆ, ಡಿ, ಐ. ಮೂರರಲ್ಲಿಯೂ ಕೀಲಿಗಳ ಸಂಖ್ಯೆ ಐದೇ. ಆದರೆ ಡಿ ಎಂಬ ಒಂದೇ ಕೀಲಿಯು ಒಂದರಲ್ಲಿ ‘ದ’, ಇನ್ನೊಂದರಲ್ಲಿ ‘ದ್’, ಮತ್ತೊಂದರಲ್ಲಿ ಹಲಂತದ ಚಿಹ್ನೆ. ಇನ್‌ಸ್ಕ್ರಿಪ್ಟ್ ಜಾಗೃತವಾಗಿರುವಾಗ ನುಡಿಯ ಅಭ್ಯಾಸವುಳ್ಳವನು ‘ದುರ್ಗ’ವನ್ನು ಕೀಲಿಸಿದರೆ ಒಂದು ಹಲಂತ, ಒಂದು ಹಕಾರ, ಮೂರು ಸ್ವರಚಿಹ್ನೆಗಳು ತೆರೆಯ ಮೇಲೆ ರಾಶಿ ಬೀಳುತ್ತವೆ.

ವಿನ್ಯಾಸಗಳು ಹಲವಾದುದರಲ್ಲಿ ತಪ್ಪಿಲ್ಲ. ಒಂದೊಂದು ಕೈಗೆ ಒಂದೊಂದು ಅಭ್ಯಾಸ. ತಪ್ಪು ಬೇರೊಂದು ಕಡೆ ಇದ್ದಿತು. ಆಪರೇಟಿಂಗ್ ಸಿಸ್ಟಂನಲ್ಲಿಯೇ ಕನ್ನಡದ ವ್ಯವಸ್ಥೆ ಇಲ್ಲದಿದ್ದ ಕಾಲದಲ್ಲಿ ಪ್ರತಿಯೊಂದು ಕನ್ನಡ ತಂತ್ರಾಂಶವೂ ‘ಕೀಲಿಮಣೆ ಚಾಲಕ’ವೆಂಬ ಹೆಸರಿನಲ್ಲಿ ತನ್ನದೇ ಏರ್ಪಾಡನ್ನು ಮಾಡಿಕೊಳ್ಳಬೇಕಾಯಿತು. ವಿಂಡೋಸ್ ವ್ಯವಸ್ಥೆಯಲ್ಲಿ ಇದಕ್ಕೆ ದೊರೆಯುವ ಒಂದು ದಾರಿಯು ‘ಹುಕ್’, ಎಂದರೆ ಕೊಕ್ಕೆ. ಕೀಲಿ ಒತ್ತಿದ ಸುದ್ದಿಯು ಬರೆಯುವ ತಂತ್ರಾಂಶವನ್ನು ಸೇರುವ ಮೊದಲು ನಡುದಾರಿಯಲ್ಲಿ ಅದನ್ನು ಹಿಡಿದು ಬದಲಾಯಿಸುವ ಉಪಾಯವಿದು. ಕೊಕ್ಕೆಗಳು ಹಲವಾದರೆ ಸರಪಳಿಯಾಗುತ್ತವೆ. ಕೊನೆಯಲ್ಲಿ ಬಂದ ಕೊಕ್ಕೆಗೆ ಮೊದಲ ಮರ್ಯಾದೆ. ಅದು ತನ್ನ ಹಿಂದಿನದಕ್ಕೆ ಸುದ್ದಿಯನ್ನು ದಾಟಿಸಿದರೆ ಉಂಟು, ದಾಟಿಸದಿದ್ದರೆ ಇಲ್ಲ.

ಇಲ್ಲಿ ನೀರುಗಂಟಿ ಇಲ್ಲವೆಂಬುದನ್ನು ಗಮನಿಸಬೇಕು. ತೂಬಿನ ಬಾಯಲ್ಲಿ ಕೊನೆಗೆ ಬಂದವನು ಮೊದಲು ನೀರು ಕಟ್ಟಿಕೊಳ್ಳುತ್ತಾನೆ. ಹಿಂದಿನವರ ಪಾಡು ಅವನ ಸೌಜನ್ಯಕ್ಕೆ ಬಿಟ್ಟದ್ದು. ಸೌಜನ್ಯವು ದೊಡ್ಡ ಗುಣ. ಆದರೆ ಅದು ವ್ಯವಸ್ಥೆಯಲ್ಲ. ಇಬ್ಬರು ಸಜ್ಜನರೂ ಕೂಡ, ನಡುವೆ ಸರದಿ ನೋಡುವವನಿಲ್ಲದಿದ್ದರೆ, ಪರಸ್ಪರ ಹಾನಿ ಮಾಡಬಲ್ಲರು. ಹೊಸದುರ್ಗದ ಒಂದು ಕಾಲೇಜಿನಲ್ಲಿ ಒಂದೇ ಗಣಕವನ್ನು ಮೂವರು ಬಳಸುತ್ತಾರೆಂದು ಭಾವಿಸೋಣ. ಕಚೇರಿಯ ಗುಮಾಸ್ತರದು ಒಂದು ತಂತ್ರಾಂಶ, ಅಧ್ಯಾಪಕರದು ಇನ್ನೊಂದು, ಪ್ರಬಂಧ ಬರೆಯುವ ವಿದ್ಯಾರ್ಥಿನಿಯದು ಮತ್ತೊಂದು. ಮೂರೂ ತಂತ್ರಾಂಶಗಳು ಜಾಗೃತವಾಗಿ ಉಳಿದಿರುವ ಯಂತ್ರದ ಮುಂದೆ ಕುಳಿತ ಆ ವಿದ್ಯಾರ್ಥಿನಿಯು ತನಗೆ ಕನ್ನಡ ಬೆರಳಚ್ಚು ಬಾರದೆಂದು ತಿಳಿಯುತ್ತಾಳೆಯೇ ಹೊರತು ಚಾಲಕಗಳು ಜಗಳವಾಡುತ್ತಿವೆಯೆಂದು ತಿಳಿಯುವುದಿಲ್ಲ. ವ್ಯವಸ್ಥೆಯ ದೋಷವನ್ನು ಬಳಸುವವಳು ತನ್ನ ದೋಷವೆಂದು ಹೊತ್ತುಕೊಂಡು, ಬೇಸತ್ತು, ಇಂಗ್ಲಿಷಿನಲ್ಲಿ ಬರೆದು ಎದ್ದು ಹೋಗುತ್ತಾಳೆ. ಈ ಪ್ರಶ್ನೆಯಲ್ಲಿ ಕನ್ನಡಕ್ಕೆ ಪಣವಾಗಿರುವುದು ಇದು.

೫

ಇದಕ್ಕೆಲ್ಲ ಏಕರೂಪತೆಯೇ ಮದ್ದೆಂದು ಒಂದು ವಾದವುಂಟು. ವಿನ್ಯಾಸವನ್ನೂ ಅಕ್ಷರಸಂಕೇತವನ್ನೂ ಒಂದೇ ಮಾಡಿಬಿಟ್ಟರೆ ಜಗಳಕ್ಕೆ ಎಡೆಯೆಲ್ಲಿ ಎಂಬುದು ಅವರ ಪ್ರಶ್ನೆ. ಅಕ್ಷರಸಂಕೇತದ ಮಟ್ಟಿಗೆ ಈ ವಾದವನ್ನು ನಾವು ಒಪ್ಪುತ್ತೇವೆ. ಒಬ್ಬರು ಬರೆದುದನ್ನು ಇನ್ನೊಬ್ಬರು ಓದಬೇಕಾದರೆ ಸಂಕೇತವು ಒಂದೇ ಆಗಿರತಕ್ಕದ್ದು; ಯೂನಿಕೋಡಿನಿಂದ ಆ ಉಪಕಾರವಾಗಿದೆ. ಹಳೆಯ ಸಂಕೇತಗಳಲ್ಲಿ ಉಳಿದ ಕಡತಗಳು ತಕ್ಕ ಅಕ್ಷರಮಾದರಿ ಇಲ್ಲದ ಯಂತ್ರದಲ್ಲಿ ಇಂದಿಗೂ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಆದರೆ ಕೀಲಿಮಣೆಯ ಮಟ್ಟಿಗೆ ಈ ವಾದವು ನಿಲ್ಲದು. ಒಂದೇ ವಿನ್ಯಾಸದ ಎರಡು ಚಾಲಕಗಳು ಏಕಕಾಲದಲ್ಲಿ ಒಂದೇ ಕೀಲಿಯನ್ನು ಹಿಡಿಯಹೊರಟರೂ ಘರ್ಷಣೆಯು ತಪ್ಪದು. ಕೀಲಿಮಣೆಯೂ ಮೌಸೂ ಒಂದೇ ರೂಪದ ಬೈಟುಗಳನ್ನು ಕಳುಹಿಸುತ್ತಿದ್ದರೂ ೮೦೪೨ಕ್ಕೆ ನಡುವಣ ಒಬ್ಬ ಬೇಕಾಗಿದ್ದನಷ್ಟೆ. ಏಕರೂಪತೆ ಬೇರೆ, ಸರದಿ ಬೇರೆ. ಒಂದರಿಂದ ಇನ್ನೊಂದರ ಕೆಲಸವಾಗುವುದಿಲ್ಲ.

ಸರಿಯಾದ ಪರಿಹಾರವು ಬಂದುದು ಕನ್ನಡವನ್ನು ಆಪರೇಟಿಂಗ್ ಸಿಸ್ಟಂ ತಾನೇ ತನ್ನ ಹೊಣೆಯೊಳಕ್ಕೆ ತೆಗೆದುಕೊಂಡಾಗ. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಲಿಪಿಯೂ ಕೀಲಿವಿನ್ಯಾಸವೂ ಸೇರಿದುವು. ಲಿನಕ್ಸಿನಲ್ಲಿಯೂ ಇಂಥ ಏರ್ಪಾಡು ಬೆಳೆಯಿತು. ಇಲ್ಲಿ ವಿನ್ಯಾಸಗಳು ಎಷ್ಟಾದರೂ ಇರಬಹುದು; ಒಂದು ಕಾಲಕ್ಕೆ ಒಂದಕ್ಕೆ ಮಾತ್ರ ಸರದಿ; ಯಾವುದಕ್ಕೆಂಬುದನ್ನು ಬಳಸುವವನು ಆರಿಸುತ್ತಾನೆ, ವ್ಯವಸ್ಥೆಯು ನಡೆಸಿಕೊಡುತ್ತದೆ. ಉಳಿದವುಗಳಿಗೆ ಆ ಕೀಲಿಯ ಸುದ್ದಿಯು ಹೋಗುವುದೇ ಇಲ್ಲ. ವೈವಿಧ್ಯವು ಉಳಿಯಿತು, ಜಗಳವು ಕಳೆಯಿತು. ಆದರೂ ಇದರೊಡನೆ ಹಳೆಯ ಕ್ರಮದ ಪ್ರತ್ಯೇಕ ಚಾಲಕವೊಂದನ್ನು ಜಾಗೃತವಾಗಿರಿಸಿದರೆ ಹಳೆಯ ತೊಡಕೇ ಮರುಕಳಿಸಬಹುದು. ಒಂದು ಯಂತ್ರದಲ್ಲಿ ಒಂದೇ ಬಗೆಯ ಏರ್ಪಾಡನ್ನು ಉಳಿಸಿಕೊಳ್ಳುವುದು ಉಚಿತ.

ಪರಿಭಾಷೆಯ ವಿಷಯದಲ್ಲಿ ನಮ್ಮ ಸೂಚನೆ ಇಷ್ಟೆ. ‘ಚಾಲಕ’ ಎಂಬ ಶಬ್ದವನ್ನು ಬಿಡಬೇಕಾಗಿಲ್ಲ. ಅದು ರೂಢಿಗೆ ಬಂದಿದೆ. ಆದರೆ ಯಂತ್ರಾಂಶವನ್ನು ತಾನೊಂದೇ ಮುಟ್ಟುವುದನ್ನು ‘ಮೂಲ ಚಾಲಕ’ವೆಂದೂ ಅದರ ಮೂಲಕ ಕೇಳಿ ಪಡೆಯುವುದನ್ನು ‘ಆಶ್ರಿತ ಚಾಲಕ’ವೆಂದೂ ಬೇರ್ಪಡಿಸಿ ಹೇಳಬೇಕು. ಪಾಲು ಮಾಡುವ ಕಡೆ ‘ಹಂಚಿಕೆ’ ಎನ್ನೋಣ. ಒಂದನ್ನೇ ಒಬ್ಬರಾದ ಮೇಲೆ ಒಬ್ಬರು ಬಳಸುವ ಕಡೆ ‘ಸರದಿ’ ಎನ್ನೋಣ. ಈ ಎರಡು ಭೇದಗಳನ್ನು ಪಠ್ಯದಲ್ಲಿ ತಂದರೆ ವಿದ್ಯಾರ್ಥಿಯು ಅರ್ಧ ಶಾಸ್ತ್ರವನ್ನು ಶಬ್ದದಿಂದಲೇ ಕಲಿಯುತ್ತಾನೆ.

ಹಿರಿಯೂರಿನ ಅಥವಾ ಹೊಳಲ್ಕೆರೆಯ ರೈತನ ಮಗನಿಗೆ ಬೀಗ, ಸರದಿ, ಮೂಲ ಚಾಲಕಗಳನ್ನು ವಿವರಿಸುವ ಅಧ್ಯಾಪಕನು ದೂರದ ದೃಷ್ಟಾಂತಗಳನ್ನು ಅರಸಿ ಹೋಗಬೇಕಾಗಿಲ್ಲ. ತೂಬಿನ ಬಳಿ ಕಾವಲು ಯಾಕೆ ಬೇಕೆಂದು ಅವನನ್ನೇ ಕೇಳಿದರೆ ಸಾಕು. ಉತ್ತರವು ಅವನ ಮನೆಯಲ್ಲಿಯೇ ಇರುತ್ತದೆ; ಅದನ್ನು ಗಣಕದ ಮೇಜಿನ ತನಕ ತಂದು ಕೊಡುವುದು ನಮ್ಮ ಕೆಲಸ.